ಇಟ್ಟಿಗೆ ರೇಟು ಕೇಳೋಕೆ ಮುಂಚೆ ಅಳತೆ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮನೆ ಕಟ್ಟಿಸೋ ವಿಷಯ ಬಂದ್ರೆ ಸೈಟು, ಪಾಯ, ಬ್ಯಾಂಕ್ ಸಾಲ ಇದನ್ನೆಲ್ಲ ಮನೆಯ ದೊಡ್ಡವರು ನೋಡ್ಕೋತಾರೆ. "ಇಟ್ಟಿಗೆ ರೇಟು ಎಷ್ಟಿದೆ, ಫೋನಲ್ಲಿ ಸ್ವಲ್ಪ ವಿಚಾರಿಸಪ್ಪಾ" ಅನ್ನೋ ಕೆಲಸ ಮಾತ್ರ ನಮ್ಮಂಥವರ ಪಾಲಿಗೆ ಬರುತ್ತೆ. ನಾಲ್ಕು ಕಡೆ ಫೋನ್ ಮಾಡ್ತೀವಿ. ಒಬ್ಬರು ಒಂದಕ್ಕೆ 10 ರೂಪಾಯಿ ಅಂತಾರೆ, ಇನ್ನೊಬ್ಬರು 9 ಅಂತಾರೆ. ಸಾವಿರಕ್ಕೆ ಸಾವಿರ ರೂಪಾಯಿ ಉಳೀತಲ್ಲ ಅಂತ 9 ರೂಪಾಯಿಯವರಿಗೇ ಆರ್ಡರ್ ಹೋಗುತ್ತೆ. ಆ 9 ರೂಪಾಯಿ ಇಟ್ಟಿಗೆಯೇ ದುಬಾರಿ ಬೀಳೋದು ಹೇಗೆ ಅಂತ ಇವತ್ತು ಲೆಕ್ಕ ಹಾಕಿ ನೋಡೋಣ. ರೇಟುಗಳು ಬರೀ ಉದಾಹರಣೆಗೆ. ನಿಮ್ಮೂರಿನ ರೇಟು ಹಾಕ್ಕೊಂಡು ನೀವೇ ಲೆಕ್ಕ ಮಾಡಿ.

ಭಾರತೀಯ ಮಾನಕದ ಪ್ರಕಾರ ಮಾಡ್ಯುಲರ್ ಇಟ್ಟಿಗೆಯ ಅಳತೆ 190 ಮಿಲಿಮೀಟರ್ ಉದ್ದ, 90 ಅಗಲ, 90 ಎತ್ತರ. ಸುತ್ತ 10 ಮಿಲಿಮೀಟರ್ ಗಾರೆ ಸೇರಿಸಿದ್ರೆ 200, 100, 100 ಆಗುತ್ತೆ. ಅಂದ್ರೆ ಒಂದು ಘನ ಮೀಟರ್ ಗೋಡೆಗೆ 500 ಇಟ್ಟಿಗೆ. ಒಂದಕ್ಕೆ 10 ರೂಪಾಯಿ ಅಂದ್ರೆ 5,000 ರೂಪಾಯಿ.

ಈಗ ಎರಡನೆಯವರ ಇಟ್ಟಿಗೆ ಅಳೀರಿ. 180 ಉದ್ದ, 85 ಅಗಲ, 80 ಎತ್ತರ ಇದೆ ಅಂತ ಇಟ್ಕೊಳ್ಳಿ. ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವೆ. ಆದರೆ ಅಷ್ಟೇ ಗೋಡೆಗೆ ಇದು 616 ಬೇಕು. 9 ರೂಪಾಯಿಯಂತೆ 5,544 ಆಯ್ತು. ಇಡೀ ಮನೆಗೆ 40 ಘನ ಮೀಟರ್ ಇಟ್ಟಿಗೆ ಕೆಲಸ ಇದ್ರೆ 21,760 ರೂಪಾಯಿ ಜಾಸ್ತಿ. ಸಂದು ಜಾಸ್ತಿ ಆಗೋದ್ರಿಂದ ಗಾರೆಯೂ ಜಾಸ್ತಿ ಹೋಗುತ್ತೆ. ಹಾಗಾಗಿ ಫೋನಲ್ಲಿ ಮೊದಲು "ಸಾರ್, ಅಳತೆ ಎಷ್ಟು?" ಅಂತ ಕೇಳಿ, ರೇಟು ಆಮೇಲೆ. ಸ್ಥಳಕ್ಕೆ ಹೋದಾಗ ಒಂದೇ ಇಟ್ಟಿಗೆ ಅಳೀಬೇಡಿ. ರಾಶಿಯ ಬೇರೆ ಬೇರೆ ಕಡೆಯಿಂದ 20 ಇಟ್ಟಿಗೆ ತೆಗೆದು ಉದ್ದಕ್ಕೆ ಸಾಲಾಗಿ ಜೋಡಿಸಿ, ಟೇಪು ಹಿಡಿದು, ಬಂದ ಅಳತೆಯನ್ನ 20ರಿಂದ ಭಾಗಿಸಿ. ಅಗಲ, ಎತ್ತರಕ್ಕೂ ಹೀಗೇ ಮಾಡಿ.

ಇನ್ನು ಎಷ್ಟು ಬೇಕು ಅನ್ನೋ ಲೆಕ್ಕ. 3 ಮೀಟರ್ ಉದ್ದ, 3 ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆ ಅಂದ್ರೆ 1.8 ಘನ ಮೀಟರ್. ಮಾಡ್ಯುಲರ್ ಇಟ್ಟಿಗೆ 900 ಬೇಕು. ಅದರಲ್ಲಿ 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿದ್ರೆ 210 ಕಳೀರಿ, 690 ಉಳಿಯುತ್ತೆ. ಒಡೆದು ಹೋಗೋದಕ್ಕೆ ನೂರಕ್ಕೆ 5 ಸೇರಿಸಿ, ಸುಮಾರು 725. ಬಾಗಿಲು, ಕಿಟಕಿ ಕಳೆಯದೆ ಆರ್ಡರ್ ಕೊಟ್ರೆ ಮಿಕ್ಕ ಇಟ್ಟಿಗೆ ಕಾಂಪೌಂಡ್ ಮೂಲೇಲಿ ಕೂತಿರುತ್ತೆ.

ಸರಿ, ಯಾವ ಇಟ್ಟಿಗೆ? ಇದು ನಿಮ್ಮ ಊರಿನ ಮೇಲೆ, ಮನೆ ನಿಲ್ಲೋ ರೀತಿಯ ಮೇಲೆ ಹೋಗುತ್ತೆ. ಬೆಂಗಳೂರು, ಕೋಲಾರದ ಕಡೆ ಸುಟ್ಟ ಇಟ್ಟಿಗೆ ಅಂದ್ರೆ ಮಾಲೂರಿನ ಹೆಸರು ಬಂದೇ ಬರುತ್ತೆ. ಮಂಗಳೂರು, ಉಡುಪಿ ಕಡೆಯವರಿಗೆ ಕೆಂಪುಕಲ್ಲು, ಅಂದ್ರೆ ಮುರಕಲ್ಲು, ಹತ್ತಿರದಲ್ಲೇ ಸಿಗುತ್ತೆ. ಅಲ್ಲಿಗೆ ಘಟ್ಟದ ಮೇಲಿಂದ ಇಟ್ಟಿಗೆ ತರಿಸಿದ್ರೆ ಲಾರಿ ಬಾಡಿಗೆಯೇ ಹೊರೆ.

ಸಾಲಿಡ್ ಸಿಮೆಂಟ್ ಬ್ಲಾಕ್ ಇವತ್ತು ಎಲ್ಲ ಕಡೆ ಇದೆ. 16 ಇಂಚು ಉದ್ದ, 8 ಇಂಚು ಎತ್ತರ, 8 ಇಂಚು ದಪ್ಪದ ಒಂದು ಬ್ಲಾಕ್ ಸುಮಾರು 8 ಮಾಡ್ಯುಲರ್ ಇಟ್ಟಿಗೆಯ ಜಾಗ ತುಂಬುತ್ತೆ, ಕೆಲಸ ಬೇಗ ಮುಗಿಯುತ್ತೆ. ಇದರಲ್ಲಿ ನೋಡಬೇಕಾದ್ದು ವಯಸ್ಸು. ಕನಿಷ್ಠ 14 ದಿನ ನೀರು ಕುಡಿದು, ಆಮೇಲೆ ನೆರಳಲ್ಲಿ ಚೆನ್ನಾಗಿ ಒಣಗಿರಬೇಕು. ಹಸಿ ಬ್ಲಾಕ್ ತಂದು ಕಟ್ಟಿದ್ರೆ ಅದು ಗೋಡೆಯಲ್ಲಿದ್ದೇ ಒಣಗಿ ಕುಗ್ಗುತ್ತೆ, ಪ್ಲಾಸ್ಟರ್ ಮೇಲೆ ಬಿರುಕು ಕಾಣಿಸ್ಕೊಳ್ಳುತ್ತೆ.

ಎಎಸಿ ಬ್ಲಾಕ್ ತುಂಬ ಹಗುರ. ಒಂದು ಘನ ಮೀಟರ್ ಸುಮಾರು 600 ಕಿಲೋ, ಹಾಗಾಗಿ ನೀರಲ್ಲಿ ತೇಲುತ್ತೆ. ಸುಟ್ಟ ಇಟ್ಟಿಗೆ ಇದರ ಎರಡೂವರೆ, ಮೂರು ಪಟ್ಟು ತೂಕ. ಕಾಲಂ, ಬೀಮ್ ಇರೋ ಎರಡು ಮೂರು ಅಂತಸ್ತಿನ ಮನೆಗೆ ಇದು ಒಳ್ಳೇದು, ಪಾಯದ ಮೇಲೆ ಭಾರ ಕಮ್ಮಿ ಆಗುತ್ತೆ. ಆದರೆ ಭಾರವಾದ ಶೆಲ್ಫ್, ಗೀಸರ್ ತಗುಲಿಸೋಕೆ ಮಾಮೂಲಿ ಮೊಳೆ ಸಾಲದು, ಅದಕ್ಕೇ ಅಂತ ಇರೋ ಫಾಸ್ಟನರ್ ಬೇಕು. ಕಾಲಂ ಇಲ್ಲದೆ ಗೋಡೆಯೇ ಛಾವಣಿ ಹೊರೋ ಮನೆ ಆದ್ರೆ, ಎಂಜಿನಿಯರ್ ಹತ್ತಿರ ಕೇಳದೆ ಇದನ್ನ ತಗೋಬೇಡಿ.

ಇನ್ನೊಂದಿದೆ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡೋ ಬ್ಲಾಕ್. ಇದನ್ನ ಸುಡೋದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ವಿಭಾಗ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ನಿಮ್ಮ ಸೈಟಿನ ಮಣ್ಣು ಸರಿ ಇದ್ರೆ ಅಲ್ಲೇ ತಯಾರಿಸಬಹುದು. ಮಣ್ಣಿನ ಪರೀಕ್ಷೆ, ಇದರಲ್ಲಿ ಪಳಗಿದ ಮೇಸ್ತ್ರಿ ಎರಡೂ ಬೇಕು.

ಸುಟ್ಟ ಇಟ್ಟಿಗೆ ಅಂತ ತೀರ್ಮಾನ ಆಯ್ತು ಅಂದ್ಕೊಳ್ಳಿ. ಒಳ್ಳೇದೋ ಕೆಟ್ಟದ್ದೋ ಗೊತ್ತಾಗೋದು ಹೇಗೆ? ಎರಡು ಇಟ್ಟಿಗೆ ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಿ, ಕಣಕಣ ಅನ್ನಬೇಕು. ಮಂಕು ಸದ್ದು ಬಂದ್ರೆ ಸರಿಯಾಗಿ ಬೆಂದಿಲ್ಲ, ಇಲ್ಲಾ ಒಳಗೆ ಬಿರುಕಿದೆ. ಉಗುರಿನಿಂದ ಗೀರಿ, ಗೆರೆ ಬೀಳಬಾರದು. ಸುಮಾರು 3 ಅಡಿ ಎತ್ತರದಿಂದ ಮಣ್ಣು ನೆಲದ ಮೇಲೆ ಮಟ್ಟಸವಾಗಿ ಬಿಡಿ, ಒಡೀಬಾರದು. ಒಂದನ್ನ ಬೇಕಂತಲೇ ಒಡೆದು ಒಳಗೆ ನೋಡಿ. ಬಣ್ಣ ಒಂದೇ ಥರ ಇರಬೇಕು. ಬಿಳಿ ಸುಣ್ಣದ ಹರಳು ಕಂಡ್ರೆ ಬೇಡ ಅನ್ನಿ, ನೀರು ತಗುಲಿದಾಗ ಅದು ಉಬ್ಬಿ ಪ್ಲಾಸ್ಟರನ್ನ ಎಬ್ಬಿಸುತ್ತೆ.

ಮನೆಗೆ ನಾಲ್ಕೈದು ಸ್ಯಾಂಪಲ್ ತನ್ನಿ. ಚೆನ್ನಾಗಿ ಒಣಗಿಸಿ ತೂಕ ಮಾಡಿ, 24 ಗಂಟೆ ನೀರಲ್ಲಿ ಮುಳುಗಿಸಿಡಿ, ತೆಗೆದು ಒರೆಸಿ ಮತ್ತೆ ತೂಗಿ. ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ನೂರಕ್ಕೆ 20ಕ್ಕಿಂತ ಜಾಸ್ತಿ ನೀರು ಕುಡಿಯಬಾರದು ಅನ್ನುತ್ತೆ ಮಾನಕ. 3 ಕಿಲೋ ಇದ್ದದ್ದು 3 ಕಿಲೋ 600 ಗ್ರಾಂ ದಾಟಬಾರದು. ದಾಟಿದ್ರೆ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯೋದು ಹೆಚ್ಚು. ಆಮೇಲೆ ಇಟ್ಟಿಗೆಯನ್ನ ನಿಲ್ಲಿಸಿ, ಒಂದು ಇಂಚು ನೀರಿರೋ ತಟ್ಟೇಲಿ ಇಡಿ. ನೀರು ಆರಿದ ಮೇಲೆ ಇನ್ನೊಂದು ಸಲ ಹಾಗೇ ಮಾಡಿ. ಮೈ ಮೇಲೆ ಬಿಳಿ ಉಪ್ಪು ದಪ್ಪಗೆ ಕಟ್ಟಿದ್ರೆ, ನಾಳೆ ನಿಮ್ಮ ಗೋಡೆಯ ಪೇಂಟಿಂಗ್ ಮೇಲೂ ಅದೇ ಬರಬಹುದು. ಇದೆಲ್ಲ ಮನೆಮಟ್ಟದ ಪರೀಕ್ಷೆ. ಭಾರ ತಡೆಯೋ ಶಕ್ತಿ ಗೊತ್ತಾಗಬೇಕು ಅಂದ್ರೆ ಲ್ಯಾಬಿಗೇ ಕೊಡಬೇಕು. ಗೋಡೆಯೇ ಭಾರ ಹೊರೋ ಮನೆಯಾದ್ರೆ ಆ ಖರ್ಚು ಉಳಿಸೋಕೆ ಹೋಗಬೇಡಿ.

ಕೊನೇದಾಗಿ ಲೋಡ್ ಬರೋ ದಿನ. ಒಪ್ಪಿಕೊಂಡ ಸ್ಯಾಂಪಲ್ ಎರಡನ್ನ ಸೈಟಲ್ಲೇ ಇಟ್ಟಿರಿ, ಬಂದ ಇಟ್ಟಿಗೆ ಅದಕ್ಕೆ ಹೋಲುತ್ತಾ ನೋಡಿ. ಟಿಪ್ಪರಿನಿಂದ ಸುರಿಸಬೇಡಿ, ಕೈಯಿಂದ ಇಳಿಸೋಕೆ ಮೊದಲೇ ಮಾತಾಡಿ. ಇಳಿಸುವಾಗಲೇ ಸಾಲು ಸಾಲಾಗಿ ಪೇರಿಸಿದ್ರೆ ಎಣಿಸೋದು ಸುಲಭ. ಅರ್ಧ ಇಟ್ಟಿಗೆ ಎಷ್ಟರವರೆಗೆ ಒಪ್ತೀರಿ, ಇಳಿಸೋ ಕೂಲಿ ಯಾರದು, ಸಾಗಣೆ ರೇಟಲ್ಲೇ ಸೇರಿದೆಯಾ, ಬಿಲ್ ಕೊಡ್ತಾರಾ, ಇಷ್ಟನ್ನೂ ಅಡ್ವಾನ್ಸ್ ಕೊಡೋ ಮುಂಚೆ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಇನ್ನೊಂದು ಮಾತು: ಬಯಲಲ್ಲಿ ಹಸಿ ಇಟ್ಟಿಗೆ ಒಣಗಿಸೋ ಗೂಡುಗಳ ಕೆಲಸ ಮಳೆಗಾಲದಲ್ಲಿ ನಿಲ್ಲುತ್ತೆ. ಮಳೆಗಾಲದಲ್ಲಿ ಗೋಡೆ ಏಳೋದಿದ್ರೆ ಬೇಸಿಗೆಯಲ್ಲೇ ತರಿಸಿ ತಾರ್ಪಾಲ್ ಮುಚ್ಚಿಡಿ. ಕಟ್ಟೋ ಮುಂಚೆ ಸುಟ್ಟ ಇಟ್ಟಿಗೆಯನ್ನ ನೀರಲ್ಲಿ ನೆನೆಸಬೇಕು, ಇಲ್ಲಾಂದ್ರೆ ಅದು ಗಾರೆಯ ನೀರನ್ನೇ ಹೀರುತ್ತೆ. ಸಿಮೆಂಟ್ ಬ್ಲಾಕನ್ನ ಹಾಗೆ ನೆನೆಸಬಾರದು, ಮೇಲ್ಮೈ ಸ್ವಲ್ಪ ಒದ್ದೆ ಮಾಡಿದ್ರೆ ಸಾಕು.

ಸಾಲ ತೀರಿಸೋಕೆ 15, 20 ವರ್ಷ ಬೇಕಾಗುತ್ತೆ. ಅದಕ್ಕೆ ಹೋಲಿಸಿದ್ರೆ ಟೇಪು, ತಕ್ಕಡಿ, ಒಂದು ಬಕೆಟ್ ನೀರು, ಎರಡು ದಿನ ದೊಡ್ಡ ಖರ್ಚೇನಲ್ಲ. ನಿಮ್ಮ ಊರಲ್ಲಿ ಇಟ್ಟಿಗೆಯ ಅಳತೆ, ರೇಟು ಎಷ್ಟಿದೆ ಅಂತ ನಮಗೂ ಬರೆದು ಕಳಿಸಿ. ಮನೆ ಕಟ್ಟಿಸ್ತಿರೋ ಅಣ್ಣನಿಗೋ ಚಿಕ್ಕಪ್ಪನಿಗೋ ಈ ಸಂಚಿಕೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.