ಮಂಗನ ಕಾಯಿಲೆ: ಲಸಿಕೆಯ ದಾರಿ ಮತ್ತು ಕೊಟ್ಟಿಗೆಯಲ್ಲಿ ನಮ್ಮ ಪಾಲಿನ ಕೆಲಸ



ಚಳಿಗಾಲ ಕಾಲಿಟ್ಟಿತೆಂದರೆ ಕಾಡಂಚಿನ ಹಳ್ಳಿಗಳ ಸದಸ್ಯರಿಂದ ಎರಡು ಪ್ರಶ್ನೆಗಳು ಬರುತ್ತವೆ. ಮಂಗನ ಕಾಯಿಲೆಗೆ ಲಸಿಕೆ ಯಾವಾಗ ಸಿಗುತ್ತದೆ? ನಮ್ಮ ದನಗಳಿಂದ, ಅವುಗಳ ಹಾಲಿನಿಂದ ಈ ಕಾಯಿಲೆ ಬರುತ್ತದೆಯೇ? ಎರಡನ್ನೂ ಒಟ್ಟಿಗೆ ತಿಳಿದುಕೊಂಡರೆ ನಾವು ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ.

ಕಾಯಿಲೆಯ ಮೂಲ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರಿನ ಜನರಿಗೂ ವಿಪರೀತ ಜ್ವರ ಬಂತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಇದು ಉಣ್ಣೆಯಿಂದ ಹರಡುವ ಹೊಸ ವೈರಾಣು ಎಂದು ಕಂಡುಹಿಡಿದರು. ಮುಂದೆ ಕಾಯಿಲೆ ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಜಿಲ್ಲೆಗಳಿಗೂ, ಕಳೆದ ದಶಕದಲ್ಲಿ ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಹಬ್ಬಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುನೋವು ಹಲವರ ನೆನಪಿನಲ್ಲಿದೆ.

ಕಾಯಿಲೆ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವ ಸಂಭವವಿದೆ. ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ಆದ್ದರಿಂದಲೇ ಲಸಿಕೆಗೆ ಇಷ್ಟು ಮಹತ್ವ.

ಹಳೆಯ ಲಸಿಕೆ

ಮೊದಲು ಇದೇ ಜಾತಿಯ ರಷ್ಯಾದ ಉಣ್ಣೆಜ್ವರದ ಲಸಿಕೆಯನ್ನು ಪ್ರಯತ್ನಿಸಲಾಯಿತು. ಅದು ಫಲ ಕೊಡಲಿಲ್ಲ. ಬಳಿಕ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮಂಗನ ಕಾಯಿಲೆಯ ವೈರಾಣುವನ್ನೇ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ತಯಾರಿಸಲಾಯಿತು. ಮುಂದೆ ಇದನ್ನು ಉತ್ಪಾದಿಸಿದ್ದು ನಮ್ಮ ಜಾನುವಾರು ಲಸಿಕೆಗಳನ್ನು ತಯಾರಿಸುವ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯೇ.

ಸತ್ತ ವೈರಾಣುವಿನ ಲಸಿಕೆಯ ಗುಣ ನಮ್ಮ ಸದಸ್ಯರಿಗೆ ಹೊಸದಲ್ಲ. ಕಾಲುಬಾಯಿ ಜ್ವರದ ಲಸಿಕೆಯೂ ಇಂಥದ್ದೇ. ಒಮ್ಮೆ ಹಾಕಿಸಿದರೆ ಸಾಲದು, ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಮಂಗನ ಕಾಯಿಲೆ ಲಸಿಕೆಗೂ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳೊಳಗೆ ವರ್ಧಕ ಡೋಸ್, ನಂತರ ವರ್ಷಕ್ಕೊಂದರಂತೆ ಕೊಡುವ ಪದ್ಧತಿ ಇತ್ತು.

1990-92ರಲ್ಲಿ ಮಲೆನಾಡಿನಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 93ರಷ್ಟು ರಕ್ಷಣೆ ಕಂಡುಬಂದಿತ್ತು. ಆದರೆ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಎರಡು ಡೋಸ್‌ಗೆ ಸುಮಾರು ಶೇ. 62, ವರ್ಧಕ ಡೋಸನ್ನೂ ಪಡೆದವರಿಗೆ ಶೇ. 83 ರಕ್ಷಣೆ ಸಿಕ್ಕಿತ್ತು. ಒಂದೇ ಡೋಸ್ ಪಡೆದವರಿಗೆ ಪ್ರಯೋಜನ ಕಾಣಲಿಲ್ಲ. ಸೂಜಿ ಹಾಕಿದ ಜಾಗ ಬಹಳ ನೋಯುತ್ತದೆಂದು ಅನೇಕರು ಮುಂದಿನ ಡೋಸ್‌ಗೆ ಬರುತ್ತಲೇ ಇರಲಿಲ್ಲ. ಲಸಿಕೆಯ ಸಾಮರ್ಥ್ಯ ಸಾಲದೆಂಬ ಕಾರಣದಿಂದ 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು.

ಹೊಸ ಲಸಿಕೆಗೆ ತಡವೇಕೆ?

ಇದೇ ಕುಟುಂಬದ ಇತರ ವೈರಾಣುಗಳಿಗೆ ಒಳ್ಳೆಯ ಲಸಿಕೆಗಳಿವೆ. ಸೊಳ್ಳೆಯಿಂದ ಹರಡುವ ಹಳದಿ ಜ್ವರಕ್ಕೆ ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆ 1930ರ ದಶಕದಲ್ಲೇ ಸಿದ್ಧವಾಯಿತು. ಸೊಳ್ಳೆಯಿಂದಲೇ ಬರುವ ಜಪಾನೀಸ್ ಮಿದುಳು ಜ್ವರಕ್ಕೆ ನಮ್ಮ ಕೋಲಾರದಲ್ಲಿ ಪ್ರತ್ಯೇಕಿಸಿದ ವೈರಾಣುವಿನಿಂದ ಭಾರತದಲ್ಲೇ ಲಸಿಕೆ ತಯಾರಾಗಿದೆ.

ಮಂಗನ ಕಾಯಿಲೆಯ ತೊಡಕೇ ಬೇರೆ. ಈ ವೈರಾಣು ಪ್ರಯೋಗಾಲಯದ ಸಿಬ್ಬಂದಿಗೂ ಸುಲಭವಾಗಿ ತಗಲುವುದರಿಂದ ಅತ್ಯಂತ ಭದ್ರ ಪ್ರಯೋಗಾಲಯ ಬೇಕು. ಲಸಿಕೆ ಬೇಕಾದವರು ಕಾಡಂಚಿನ ಜನ ಮಾತ್ರ, ಹಾಗಾಗಿ ಕಂಪನಿಗಳಿಗೆ ಲಾಭ ಕಡಿಮೆ. ಕಾಯಿಲೆ ಒಂದು ವರ್ಷ ಒಂದೂರಿನಲ್ಲಿ, ಮರುವರ್ಷ ಇನ್ನೊಂದೂರಿನಲ್ಲಿ ಕಾಣಿಸುವುದರಿಂದ ಲಸಿಕೆ ಎಷ್ಟು ಫಲಕಾರಿ ಎಂದು ಅಳೆಯುವುದೂ ಕಷ್ಟ.

ಆದರೂ ಕೆಲಸ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಎರಡು ಡೋಸ್‌ಗಳ ಹೊಸ ಲಸಿಕೆಯನ್ನು ರೂಪಿಸಿದೆ. ಇದೂ ಸತ್ತ ವೈರಾಣುವಿನದೇ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಸಹಾಯಕ ದ್ರವ್ಯವನ್ನು ಇದಕ್ಕೆ ಸೇರಿಸಲಾಗಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳು ಮುಗಿದಿದ್ದು, ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆಗೆ ಸಿದ್ಧತೆ ನಡೆದಿದೆ ಎಂದು ಮಂಡಳಿಯು 2025ರಲ್ಲಿ ತಿಳಿಸಿತು. ಮೂರು ಹಂತಗಳನ್ನು ದಾಟಿ ಹಳ್ಳಿಗೆ ಬರಲು ಸಮಯ ಹಿಡಿಯುತ್ತದೆ.

ದನಗಳ ಪಾತ್ರ

ದನಗಳಿಗೆ ಈ ಕಾಯಿಲೆ ಬಾಧಿಸುವುದಿಲ್ಲ. ಹಾಲಿನಿಂದ ಕಾಯಿಲೆ ಹರಡಿದ ನಿದರ್ಶನವೂ ಇಲ್ಲ. ಆದ್ದರಿಂದ ಹಾಲಿನ ಬಗ್ಗೆ ಭಯ ಬೇಡ. ಹಾಲನ್ನು ಎಂದಿನಂತೆ ಕಾಯಿಸಿ ಕುಡಿದರೆ ಸಾಕು. ದನಗಳಿಗೆ ಲಸಿಕೆ ಹಾಕಿಸುವುದರಿಂದಲೂ ಉಪಯೋಗವಿಲ್ಲ, ಏಕೆಂದರೆ ವೈರಾಣು ಹೆಚ್ಚುವುದು ಮಂಗ, ಇಲಿ ಮುಂತಾದ ಕಾಡುಪ್ರಾಣಿಗಳಲ್ಲಿ, ದನಗಳಲ್ಲಿ ಅಲ್ಲ.

ಆದರೆ ಉಣ್ಣೆಯ ಸಂತತಿ ಬೆಳೆಯಲು ದನದ ರಕ್ತ ಬೇಕು. ಮಳೆಗಾಲದಲ್ಲಿ ದೊಡ್ಡ ಉಣ್ಣೆಗಳು ಕಾಡಿಗೆ ಮೇಯಲು ಹೋದ ದನಗಳಿಗೆ ಹತ್ತಿ, ರಕ್ತ ಕುಡಿದು ಉದುರಿ, ನೆಲದಲ್ಲಿ ಸಾವಿರಾರು ಮೊಟ್ಟೆ ಇಡುತ್ತವೆ. ಅವುಗಳ ಮರಿಗಳು ಡಿಸೆಂಬರಿನಿಂದ ಮೇವರೆಗೆ ತರಗೆಲೆಯಲ್ಲಿ ಕಾದು ಕುಳಿತು ಮನುಷ್ಯರನ್ನು ಕಚ್ಚುತ್ತವೆ. ಹಾಗಾಗಿ ಬೇಸಿಗೆಯ ಕಾಯಿಲೆಯನ್ನು ತಡೆಯುವ ಕೆಲಸ ಮಳೆಗಾಲದ ಕೊಟ್ಟಿಗೆಯಿಂದಲೇ ಆರಂಭವಾಗಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಮಳೆಗಾಲದ ಆರಂಭದಿಂದಲೇ ಪಶುವೈದ್ಯರ ಸಲಹೆಯಂತೆ ದನಗಳಿಗೆ ಉಣ್ಣೆನಾಶಕ ಹಚ್ಚಿರಿ. ಕಿವಿ, ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡವನ್ನು ಮರೆಯದೆ ನೋಡಿರಿ.

2. ಹಾಲು ಕರೆಯುವ ಹಸುಗಳಿಗೆ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಸ್ವಂತ ತೀರ್ಮಾನದಿಂದ ಕೊಡಿಸಬೇಡಿ. ಔಷಧದ ಅಂಶ ಹಾಲಿಗೆ ಬರುತ್ತದೆ.

3. ಕಾಯಿಲೆಯ ಕಾಲದಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿನಿಂದ ತರಗೆಲೆ ತರಬೇಡಿ. ಬೇಕಾದಷ್ಟನ್ನು ಮೊದಲೇ ಸಂಗ್ರಹಿಸಿಕೊಳ್ಳಿ, ಇಲ್ಲವೇ ಹುಲ್ಲು ಬಳಸಿರಿ.

4. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಒಗೆಯಿರಿ.

5. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ, ದನಗಳನ್ನೂ ಅತ್ತ ಬಿಡದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ಅಥವಾ ಪಶು ಆಸ್ಪತ್ರೆಗೆ ತಿಳಿಸಿರಿ.

6. ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿರಿ.

ನಾಳೆ ಹೊಸ ಲಸಿಕೆ ಬಂದಾಗ ಎಲ್ಲ ಡೋಸ್‌ಗಳನ್ನೂ ತಪ್ಪದೆ ಪಡೆಯುವುದು ಎಷ್ಟು ಮುಖ್ಯವೋ, ಅದು ಬರುವವರೆಗೆ ಉಣ್ಣೆಯನ್ನು ಹತೋಟಿಯಲ್ಲಿಡುವುದೂ ಅಷ್ಟೇ ಮುಖ್ಯ. ಒಂದು ಮನೆಯವರು ಮಾತ್ರ ಔಷಧ ಹಚ್ಚಿದರೆ ಸಾಲದು. ಒಂದೇ ಕಾಡಿನಲ್ಲಿ ಮೇಯುವ ಊರಿನ ಎಲ್ಲ ದನಗಳಿಗೂ ಒಂದೇ ವಾರದಲ್ಲಿ ಹಚ್ಚುವಂತೆ ಮಳೆಗಾಲಕ್ಕೆ ಮುಂಚಿನ ಸಭೆಯಲ್ಲಿ ಪ್ರತಿ ಸಂಘವೂ ದಿನ ಗೊತ್ತುಮಾಡಲಿ.