ಬರ್ಮಾ ಬಿದ್ದಾಗ ಆದೋನಿಯ ಹತ್ತಿ ಹೊಲ

ಆದೋನಿಯ ಎರೆ ಹೊಲಕ್ಕೂ ಬರ್ಮಾದ ಗದ್ದೆಗೂ ಏನು ನಂಟು ಎಂದು ರೈತ ಬಾಂಧವರು ಕೇಳಬಹುದು. ಆ ನಂಟು 1942ರಲ್ಲಿ ನಮ್ಮ ಸೀಮೆಯ ಒಲೆಯ ಮುಂದೆಯೇ ತಿಳಿಯಿತು.

ಆ ವರ್ಷದ ಮಾರ್ಚಿನಲ್ಲಿ ಜಪಾನಿನ ಸೈನ್ಯ ರಂಗೂನನ್ನು ಹಿಡಿಯಿತು. ಅಲ್ಲಿಯವರೆಗೆ ಬರ್ಮಾ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಅಕ್ಕಿಯನ್ನು ಹೊರದೇಶಗಳಿಗೆ ಕಳಿಸುತ್ತಿತ್ತು. ಅದರಲ್ಲಿ ಅರ್ಧದಷ್ಟು ಇಂಡಿಯಾಕ್ಕೇ ಬರುತ್ತಿತ್ತು. ಪರರ ಕೈಸೇರಿದ ಮೇಲೆ ಆ ಅಕ್ಕಿಯನ್ನು ಒಯ್ಯಲು ಹಡಗೇ ಇಲ್ಲ. ಉಳುವ ಎತ್ತು ಎಮ್ಮೆಗಳಲ್ಲಿ ಕೆಲವು ಸೈನ್ಯದ ಪಾಲು, ಕೆಲವು ರೋಗದ ಪಾಲು. ಸಾಲ ಕೊಡುತ್ತಿದ್ದ ಚೆಟ್ಟಿಯಾರರೂ ತೆಲುಗು ಕೂಲಿಗಳೂ ಊರು ಬಿಟ್ಟು ಬಂದಿದ್ದರು. ಸುಮಾರು 125 ಲಕ್ಷ ಎಕರೆಯಿದ್ದ ಬತ್ತದ ಬೇಸಾಯ ಯುದ್ಧ ಮುಗಿಯುವ ಹೊತ್ತಿಗೆ ಅರ್ಧದ ಆಸುಪಾಸಿಗೆ ಇಳಿಯಿತು. ಅತ್ತ ಗದ್ದೆ ಬೀಳು, ಇತ್ತ ಬಂಗಾಳದಲ್ಲಿ 1943ರ ಕ್ಷಾಮ.

ಆಗ ಆದೋನಿ, ಆಲೂರು ತಾಲ್ಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ನಮ್ಮವರು ಜೋಳದ ರೊಟ್ಟಿ, ನವಣೆ ಅನ್ನ ಉಣ್ಣುವವರು. ಬರ್ಮಾ ಅಕ್ಕಿಯನ್ನು ನೆಚ್ಚಿದವರಲ್ಲ. ಆದರೆ ಅಕ್ಕಿ ಸಾಲದಾದ ಊರುಗಳು ಸಿಕ್ಕ ಕಾಳಿಗೆಲ್ಲ ಕೈಯೊಡ್ಡಿದಾಗ ಜೋಳ ತುಟ್ಟಿಯಾಗದೆ ಇದ್ದೀತೆ? ಸಾಲದುದಕ್ಕೆ ಮಳೆಯೂ ಕೈಕೊಟ್ಟು, 1942-43ರಲ್ಲಿ ಬಳ್ಳಾರಿ, ಕರ್ನೂಲು, ಅನಂತಪುರ ಜಿಲ್ಲೆಗಳಿಗೆ ಬರ ಬಂತು.

ಹತ್ತಿ ನಂಬಿದವನಿಗೆ ಎರಡು ಕಡೆಯಿಂದಲೂ ಪೆಟ್ಟು. ಇಂಡಿಯಾದ ಗಿಡ್ಡ ಎಳೆಯ ಹತ್ತಿಗೆ ಜಪಾನೇ ದೊಡ್ಡ ಗಿರಾಕಿಯಾಗಿತ್ತು. 1941ರಲ್ಲಿ ಆ ವ್ಯಾಪಾರ ಮುರಿದುಬಿತ್ತು. ಹತ್ತಿ ಬಿಟ್ಟು ಕಾಳು ಬಿತ್ತಿರಿ, ಹೆಚ್ಚು ಆಹಾರ ಬೆಳೆಯಿರಿ ಎಂದು 1942ರಲ್ಲಿ ಸರ್ಕಾರ ಸಾರಿತು. ಸಾರುವುದೇನು, ಸುಲಭ! ಹೊಸ ಬೀಜಕ್ಕೆ ಕೈಯಲ್ಲಿ ಕಾಸು ಬೇಡವೆ?

ಈ ಬುದ್ಧಿ ನಮ್ಮ ಹಿರಿಯರ ಬೇಸಾಯದಲ್ಲಿ ಮೊದಲೇ ಇತ್ತು. ಎರೆ ಹೊಲದಲ್ಲಿ ಹತ್ತಿಯ ಜೊತೆಗೆ ನವಣೆಯನ್ನೂ ಕೂರಿಗೆಯಲ್ಲಿ ಬಿತ್ತುತ್ತಿದ್ದರು. ನವಣೆ ಮೂರು ತಿಂಗಳಿಗೆ ಮನೆ ಸೇರುವುದು. ಹತ್ತಿ ಬೇಸಿಗೆಯವರೆಗೂ ನಿಲ್ಲುವುದು. ಪೇಟೆ ಮುಚ್ಚಿದರೂ ಗಡಿಗೆಗೆ ಕಾಳುಂಟು. ಬರಿಯ ಹತ್ತಿ ಇಟ್ಟವನಿಗಿಂತ ಇವನೇ ಜಾಣನೆಂದು ನಾವು ಎಣಿಸುತ್ತೇವೆ. ಹದ ಮಳೆ ತಪ್ಪಿದರೆ ನವಣೆಯೂ ಇಲ್ಲ, ಅದು ಬೇರೆ ಮಾತು.

ಆ ಬರದ ನೆನಪು ಹಸಿಯಾಗಿರುವಾಗಲೇ, 1945ರಲ್ಲಿ, ತುಂಗಭದ್ರಾ ಅಣೆಕಟ್ಟೆಯ ಕೆಲಸ ಮೊದಲಾಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಆದೋನಿ, ಆಲೂರು ಆಂಧ್ರಕ್ಕೆ ಸೇರಿದವು. ಕಾಲುವೆ ಹಾಯುವ ಕಡೆ ಬತ್ತ ಬಂದಿತು. ಮೇಲಿನ ಎರೆ ಹೊಲ ಇಂದಿಗೂ ಮಳೆಯನ್ನೇ ನೆಚ್ಚಿದೆ.