ಮನೆಯ ಮಾಧ್ಯಮ ಭಂಡಾರ: ಕಡತಗಳ ತೊಂದರೆ, ನಿದಾನ ಮತ್ತು ಉಪಚಾರ

ಕನ್ನಡದ ಪ್ರಥಮ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ನಮ್ಮ ನೆರೆಯ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಅದಾದ ಮೂವತ್ತು ವರ್ಷಗಳ ತರುವಾಯ, 1964ರಲ್ಲಿ, ಹಳೆಯ ಚಿತ್ರಗಳನ್ನು ಕಾಪಾಡುವ ಸಲುವಾಗಿಯೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಪುಣೆಯಲ್ಲಿ ಸ್ಥಾಪಿತವಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಆ ಪ್ರಥಮ ಚಿತ್ರದ ಒಂದು ಪ್ರತಿಯೂ ಇಂದು ನೋಡಲು ದೊರೆಯುವುದಿಲ್ಲ.

ಒಂದು ನಾಡಿನ ಪಾಲಿಗೆ ನಿಜವಾದ ಈ ಮಾತು ಒಂದೊಂದು ಮನೆತನದ ಪಾಲಿಗೂ ನಿಜ. ಧಾರವಾಡ, ಬೆಳಗಾವಿ, ಕಲಬುರಗಿ, ಮಂಗಳೂರುಗಳಿಂದ ಬಂದು ಪುಣೆಯಲ್ಲಿ ನೆಲೆಸಿದ ಕುಟುಂಬಗಳ ಕಪಾಟುಗಳಲ್ಲಿ ಮದುವೆಯ ಅಡಕಮುದ್ರಿಕೆಗಳು, ಅಂದರೆ ಸಿ.ಡಿ.ಗಳು, ಹಳೆಯ ಮೊಬೈಲಿನಿಂದ ಇಳಿಸಿಕೊಂಡ ತುಣುಕುಗಳು, ರಾಜ್ಯೋತ್ಸವದ ನಾಟಕಗಳ ಮುದ್ರಣಗಳು ಇರುವುದುಂಟು. ಶಾಲೆಯಲ್ಲಿ ಮರಾಠಿ, ಇಂಗ್ಲಿಷುಗಳನ್ನು ಕಲಿಯುವ ಮೊಮ್ಮಕ್ಕಳಿಗೆ ಕನ್ನಡ ದಕ್ಕುವುದು ಬಹುಮಟ್ಟಿಗೆ ಕಿವಿಯ ಮೂಲಕವೇ. ಅಜ್ಜಿ ಹಾಡಿದ ಸೋಬಾನೆಯ ಪದವು ಆ ಮಗುವಿಗೆ ಪಾಠವೂ ಹೌದು, ಆಸ್ತಿಯೂ ಹೌದು. ಆದುದರಿಂದ ಕಡತ ತೆರೆಯದಿರುವುದು ಕೇವಲ ಯಂತ್ರದ ಕಿರುಕುಳವೆಂದು ಬಿಟ್ಟುಬಿಡತಕ್ಕ ವಿಷಯವಲ್ಲ.

ಇತ್ತೀಚಿನ ವರ್ಷಗಳಲ್ಲಿ ಅನೇಕರು ಹಳೆಯದೊಂದು ಗಣಕಯಂತ್ರಕ್ಕೆ ದೊಡ್ಡ ಹಾರ್ಡ್‌ಡಿಸ್ಕನ್ನು ಜೋಡಿಸಿ, ಜೆಲ್ಲಿಫಿನ್, ಪ್ಲೆಕ್ಸ್, ಎಂಬಿ ಮೊದಲಾದ ತಂತ್ರಾಂಶಗಳಲ್ಲೊಂದನ್ನು ಅಳವಡಿಸಿ, ಮನೆಯ ದೂರದರ್ಶನ ಹಾಗೂ ಮೊಬೈಲುಗಳಿಗೆ ಚಿತ್ರಗಳನ್ನು ಒದಗಿಸುವ ‘ಮಾಧ್ಯಮ ಸರ್ವರ್’ ಮಾಡಿಕೊಳ್ಳುತ್ತಿದ್ದಾರೆ. ಇವುಗಳಲ್ಲಿ ಜೆಲ್ಲಿಫಿನ್ 2018ರಲ್ಲಿ ಎಂಬಿಯಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶ; ಅದಕ್ಕೆ ಹಣ ತೆರಬೇಕಾಗಿಲ್ಲ. ವ್ಯವಸ್ಥೆಯೇನೋ ಅನುಕೂಲಕರವೇ. ಆದರೆ ಕಡತಗಳನ್ನು ಹಾಕಿದೊಡನೆ ಕೆಲವು ಕಾಣಿಸುವುದೇ ಇಲ್ಲ, ಕೆಲವು ಮೂಕವಾಗುತ್ತವೆ, ಕೆಲವು ತಡವರಿಸುತ್ತವೆ. ಆಗ ಬಹುಮಂದಿ ಮಾಡುವುದು ಒಂದೇ ಉಪಾಯ: ಎಲ್ಲವನ್ನೂ ಹೊಸ ನಮೂನೆಗೆ ಪರಿವರ್ತಿಸಿ, ಮೂಲವನ್ನು ಅಳಿಸಿಬಿಡುವುದು. ನಿದಾನವಿಲ್ಲದೆ ಔಷಧ ಕೊಟ್ಟಂತೆ ಇದು ಅಪಾಯಕಾರಿ.

ಕಡತದ ಶರೀರರಚನೆ

ವೀಡಿಯೊ ಕಡತವನ್ನು ಊಟದ ಡಬ್ಬಿಗೆ ಹೋಲಿಸಬಹುದು. ಡಬ್ಬಿಯ ಮೇಲೆ ಒಂದು ಚೀಟಿ, ಒಳಗೆ ಅಂತಸ್ತುಗಳು, ಒಂದೊಂದು ಅಂತಸ್ತಿನಲ್ಲಿ ಬೇರೆ ಬೇರೆ ಪದಾರ್ಥ. ಕಡತದ ಹೆಸರಿನ ತುದಿಯಲ್ಲಿ ಬರುವ ‘ಎಂಪಿ4’, ‘ಎಂಕೆವಿ’, ‘ಎವಿಐ’ ಎಂಬ ಅಕ್ಷರಗಳು ಚೀಟಿ. ಚಿತ್ರ, ಧ್ವನಿ, ಅಡಿಬರಹಗಳನ್ನು ಒಟ್ಟಿಗೆ ಹಿಡಿದಿಡುವ ಕಟ್ಟೋಣವು ಡಬ್ಬಿ. ಚಿತ್ರವನ್ನೂ ಧ್ವನಿಯನ್ನೂ ಯಾವ ಕ್ರಮದಿಂದ ಸಂಕುಚಿತಗೊಳಿಸಲಾಗಿದೆಯೋ ಆ ಕ್ರಮಕ್ಕೆ ‘ಕೋಡೆಕ್’ ಎಂದು ಹೆಸರು, ಅದೇ ಪದಾರ್ಥ. 1993ರ ವೀಡಿಯೊ ಸಿ.ಡಿ.ಯಲ್ಲಿ ಎಂಪೆಗ್-1, ಡಿ.ವಿ.ಡಿ.ಯಲ್ಲಿ ಎಂಪೆಗ್-2, 2003ರಿಂದೀಚೆಗೆ ಎಚ್.264, 2013ರಿಂದೀಚೆಗೆ ಎಚ್.265 ಎಂಬ ಕೋಡೆಕ್‌ಗಳು ಚಿತ್ರಕ್ಕಾಗಿ ಬಳಕೆಗೆ ಬಂದವು.

ಚೀಟಿಯನ್ನು ಬದಲಿಸಿದ ಮಾತ್ರಕ್ಕೆ ಪದಾರ್ಥ ಬದಲಾಗುವುದಿಲ್ಲ. ಹಾಗೆಯೇ ಡಬ್ಬಿ ಬದಲಿಸಲು ಅಡುಗೆಯನ್ನು ಹೊಸದಾಗಿ ಮಾಡಬೇಕಾಗಿಲ್ಲ. ಈ ಎರಡು ಸಂಗತಿಗಳನ್ನು ಮನಗಂಡರೆ ಅರ್ಧ ತೊಡಕು ಬಿಡಿಸಿದಂತೆಯೇ.

ಸರ್ವರ್ ತಂತ್ರಾಂಶವು ಕಡತವನ್ನು ಮೂರು ವಿಧದಲ್ಲಿ ಬಡಿಸಬಲ್ಲದು. ನೋಡುವ ಸಾಧನಕ್ಕೆ ಎಲ್ಲವೂ ಒಗ್ಗುವಂತಿದ್ದರೆ ಇದ್ದಂತೆಯೇ ಕಳುಹಿಸುತ್ತದೆ. ಡಬ್ಬಿ ಮಾತ್ರ ಒಗ್ಗದಿದ್ದರೆ ಡಬ್ಬಿ ಬದಲಿಸುತ್ತದೆ. ಇದು ಅತ್ಯಂತ ಹಗುರವಾದ ಕೆಲಸ. ಪದಾರ್ಥವೇ ಒಗ್ಗದಿದ್ದರೆ ಅಲ್ಲಿಯೇ, ಆ ಕ್ಷಣದಲ್ಲಿಯೇ, ಹೊಸದಾಗಿ ಸಂಕೇತಿಸುತ್ತದೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎಂದು ಹೆಸರು. ಹಳೆಯ ಗಣಕಯಂತ್ರಕ್ಕೆ ಈ ಮೂರನೆಯ ಕೆಲಸ ಬಹಳ ಭಾರ. ಚಿತ್ರ ನಿಂತು ನಿಂತು ಓಡುವುದಕ್ಕೆ ಬಹುತೇಕ ಸಂದರ್ಭಗಳಲ್ಲಿ ಇದೇ ಕಾರಣ. ಚಿತ್ರ ಓಡುತ್ತಿರುವಾಗ ಜೆಲ್ಲಿಫಿನ್‌ನ ನಿರ್ವಹಣಾ ಪುಟವನ್ನು ತೆರೆದರೆ ಮೂರರಲ್ಲಿ ಯಾವ ವಿಧ ನಡೆದಿದೆ, ಯಾವ ಭಾಗ ಒಗ್ಗಲಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಇದಲ್ಲದೆ ‘ಮೀಡಿಯಾಇನ್ಫೊ’ ಎಂಬ ಉಚಿತ ಉಪಕರಣವು ಕಡತದ ಡಬ್ಬಿ, ಕೋಡೆಕ್, ಅಳತೆಗಳನ್ನು ಪಟ್ಟಿಮಾಡಿ ಕೊಡುತ್ತದೆ. ವೈದ್ಯರು ನಾಡಿ ನೋಡುವಂತೆ ಮೊದಲು ಈ ಎರಡು ಪರೀಕ್ಷೆಗಳನ್ನು ಮಾಡತಕ್ಕದ್ದು.

ಲಕ್ಷಣಗಳು ಮತ್ತು ಉಪಚಾರ

1. ಕಡತವು ಪಟ್ಟಿಯಲ್ಲಿಯೇ ಕಾಣದಿರುವುದು: ಮದುವೆಯ ವೀಡಿಯೊ ಸಿ.ಡಿ.ಗಳಲ್ಲಿ ಇದು ಸಾಮಾನ್ಯ. ಅವುಗಳೊಳಗಿನ ಚಿತ್ರವು ‘ಡಿಎಟಿ’ ಎಂಬ ಚೀಟಿಯ ಕಡತದಲ್ಲಿರುತ್ತದೆ. ಅದು ಚಿತ್ರವೆಂದು ಸರ್ವರಿಗೆ ತಿಳಿಯುವುದಿಲ್ಲ. ಒಳಗಿರುವುದು ಎಂಪೆಗ್-1 ಚಿತ್ರವೇ. ಮುಕ್ತ ಉಪಕರಣವಾದ ಎಫ್‌ಎಫ್‌ಎಂಪೆಗ್‌ನಿಂದ, ಚಿತ್ರ-ಧ್ವನಿಗಳನ್ನು ಹೊಸದಾಗಿ ಸಂಕೇತಿಸದೆ ಹಾಗೆಯೇ ನಕಲಿಸುವಂತೆ ಸೂಚಿಸಿ, ‘ಎಂಪಿಜಿ’ ಡಬ್ಬಿಗೆ ವರ್ಗಾಯಿಸಿದರೆ ಸಾಕು. ಈ ಚಿತ್ರದ ಅಳತೆ ನಮ್ಮ ದೇಶದ ಪದ್ಧತಿಯಲ್ಲಿ 352 ಗುಣಿಸು 288 ಬಿಂದುಗಳು ಮಾತ್ರ. ಅದನ್ನು ದೊಡ್ಡ ಅಳತೆಗೆ ಹಿಗ್ಗಿಸಿ ಉಳಿಸಿದರೆ ಕಡತ ಉಬ್ಬುವುದೇ ಹೊರತು, ಇಲ್ಲದ ವಿವರ ಹುಟ್ಟುವುದಿಲ್ಲ.

2. ಒಂದೇ ಸಮಾರಂಭವು ಹಲವು ಚೂರಾಗಿ ಕಾಣುವುದು: ಡಿ.ವಿ.ಡಿ.ಯ ‘ವಿಒಬಿ’ ಕಡತಗಳು ತಲಾ 1 ಗಿಗಾಬೈಟ್ ಮೀರದಂತೆ ಕತ್ತರಿಸಿದವು. ಒಂದೊಂದನ್ನೇ ಬಿಡಿಯಾಗಿ ಹಾಕದೆ, ಅವನ್ನು ಹೊತ್ತಿರುವ ಇಡೀ ಫೋಲ್ಡರನ್ನೇ ಇಡಬೇಕು. ಇಲ್ಲವೆ ಮೇಕ್‌ಎಂಕೆವಿಯಂತಹ ಉಪಕರಣದಿಂದ ಒಂದೇ ಡಬ್ಬಿಗೆ ಸೇರಿಸಬೇಕು. ಚಲಿಸುವ ವ್ಯಕ್ತಿಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಅದು ಹಾನಿಯಲ್ಲ. ಹಳೆಯ ದೂರದರ್ಶನಕ್ಕಾಗಿ ಚಿತ್ರವನ್ನು ಸರಿ ಮತ್ತು ಬೆಸ ಗೆರೆಗಳಾಗಿ ವಿಭಾಗಿಸಿ ಮುದ್ರಿಸಿದ್ದರ ಗುರುತು. ಪ್ರದರ್ಶನದ ವೇಳೆಯಲ್ಲಿ ‘ಡಿಇಂಟರ್‌ಲೇಸ್’ ಆಯ್ಕೆಯನ್ನು ಬಳಸಿದರೆ ಮಾಯವಾಗುತ್ತದೆ.

3. ಚಿತ್ರವಿದ್ದು ಧ್ವನಿಯಿಲ್ಲದಿರುವುದು: ಇಲ್ಲಿ ದೋಷವಿರುವುದು ಧ್ವನಿಯ ಕೋಡೆಕ್‌ನಲ್ಲಿ. ಹಳೆಯ ಮೊಬೈಲುಗಳ ‘3ಜಿಪಿ’ ಕಡತಗಳಲ್ಲಿ ಧ್ವನಿಯನ್ನು ಸಾಮಾನ್ಯವಾಗಿ ‘ಎಎಂಆರ್’ ಎಂಬ, ದೂರವಾಣಿ ಸಂಭಾಷಣೆಗಾಗಿ ರೂಪಿಸಿದ ಕ್ರಮದಲ್ಲಿ ಇಡಲಾಗುತ್ತಿತ್ತು. ಜಾಲದರ್ಶಕಗಳಿಗೆ ಅದು ಅರ್ಥವಾಗುವುದಿಲ್ಲ. ಅಜ್ಜನ ದನಿ ಅಳಿಸಿಹೋಯಿತೆಂದು ಎದೆಗುಂದಬೇಕಾಗಿಲ್ಲ; ಅದು ಒಳಗೇ ಇದೆ. ವಿಎಲ್‌ಸಿ ತಂತ್ರಾಂಶದಲ್ಲಿ ತೆರೆದು ಕೇಳಿ ಖಚಿತಪಡಿಸಿಕೊಂಡು, ಧ್ವನಿಯನ್ನು ಮಾತ್ರ ‘ಎಎಸಿ’ ಕ್ರಮಕ್ಕೆ ಮಾರ್ಪಡಿಸಿದ ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳಬಹುದು.

4. ಧ್ವನಿಯಿದ್ದು ಪರದೆ ಕಪ್ಪಾಗಿರುವುದು: ಇದು ಹೊಸ ಮೊಬೈಲುಗಳ ಎಚ್.265 ಚಿತ್ರಗಳನ್ನು ಹಳೆಯ ದೂರದರ್ಶನದಲ್ಲಿ ನೋಡುವಾಗಿನ ತೊಂದರೆ. ಸಂಗ್ರಹದಲ್ಲಿರುವುದನ್ನೆಲ್ಲ ಪರಿವರ್ತಿಸುವುದಕ್ಕಿಂತ, ಆ ಕೋಡೆಕ್ ಬಲ್ಲ ಸಣ್ಣ ಸಾಧನವೊಂದನ್ನು ದೂರದರ್ಶನಕ್ಕೆ ಜೋಡಿಸುವುದು ಲೇಸು. ಮುಂದೆ ತೆಗೆಯುವ ಚಿತ್ರಗಳಿಗಾಗಿ ಮೊಬೈಲಿನ ಕ್ಯಾಮೆರಾದಲ್ಲಿ ಹೆಚ್ಚಿನ ಸಾಧನಗಳಿಗೆ ಹೊಂದುವ ನಮೂನೆಯ ಆಯ್ಕೆಯಿದ್ದರೆ ಅದನ್ನು ಆರಿಸಬಹುದು.

5. ಎಲ್ಲಿಯೂ ತೆರೆಯದಿರುವುದು: ವಿಎಲ್‌ಸಿಯಲ್ಲಿಯೂ ತೆರೆಯದಿದ್ದರೆ ದೋಷ ನಮೂನೆಯದಲ್ಲ, ಕಡತವೇ ಅಪೂರ್ಣವಾಗಿರುವ ಸಂಭವ ಹೆಚ್ಚು. ಮೊದಲು ಮೂಲದೊಡನೆ ಗಾತ್ರವನ್ನು ಹೋಲಿಸಿ ನೋಡಬೇಕು. ಮಳೆಗಾಲದಲ್ಲಿ ವಿದ್ಯುತ್ ಕಡಿದುಹೋಗಿ ನಕಲು ನಡುವೆಯೇ ನಿಂತಿರಬಹುದು. ಇನ್ನೊಂದು ಕಾರಣವೂ ಉಂಟು. ಮೊಬೈಲು ಎಂಪಿ4 ಕಡತದ ಒಳಸೂಚಿಯನ್ನು ಸಾಮಾನ್ಯವಾಗಿ ಚಿತ್ರೀಕರಣ ಮುಗಿದ ಮೇಲೆ ಬರೆಯುತ್ತದೆ. ನಡುವೆ ಬ್ಯಾಟರಿ ತೀರಿದರೆ ಚಿತ್ರವೆಲ್ಲ ಇದ್ದೂ ಸೂಚಿಯಿಲ್ಲದಂತಾಗುತ್ತದೆ. ಅದೇ ಮೊಬೈಲಿನಿಂದ ತೆಗೆದ ಇನ್ನೊಂದು ಸರಿಯಾದ ಕಡತವನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಪುನಃ ಕಟ್ಟುವ ಉಪಕರಣಗಳಿವೆ. ಅಂತಹ ಕಡತವನ್ನು ನಿರುಪಯೋಗಿಯೆಂದು ಅಳಿಸಕೂಡದು.

ಕನ್ನಡ ಅಕ್ಷರಗಳ ವಿಶೇಷ ತೊಡಕು

ಹೊರನಾಡ ಮಕ್ಕಳಿಗಾಗಿ ನಾಟಕ, ಹಾಡುಗಳಿಗೆ ಕನ್ನಡ ಅಡಿಬರಹ ಸೇರಿಸುವವರು ಮೂರು ಬಗೆಯ ತೊಂದರೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡಿದರೆ, ಪಠ್ಯವನ್ನು ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟು ವಿನ್ಯಾಸದಲ್ಲಿ ಬೆರಳಚ್ಚು ಮಾಡಲಾಗಿದೆಯೆಂದು ಅರ್ಥ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ‘ಯುಟಿಎಫ್-8’ ಆಗಿ ಉಳಿಸಬೇಕು. ಖಾಲಿ ಚೌಕಗಳು ಕಂಡರೆ ಪಠ್ಯ ಸರಿಯಿದ್ದು ಕನ್ನಡ ಫಾಂಟು ಇಲ್ಲವೆಂದು ತಿಳಿಯಬೇಕು. ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಫಾಂಟನ್ನು ಒದಗಿಸಿದರೆ ಸರಿಹೋಗುತ್ತದೆ. ಒತ್ತಕ್ಷರಗಳು ಒಡೆದು, ಸಾಲಾಗಿ ಬಿದ್ದರೆ ಅಕ್ಷರ ಜೋಡಿಸುವ ಸಾಮರ್ಥ್ಯ ಆ ಸಾಧನಕ್ಕಿಲ್ಲ. ಬೇರೆ ಸಾಧನದಲ್ಲಿ ನೋಡುವುದೇ ಮಾರ್ಗ.

ಕಡತದ ಹೆಸರನ್ನು ಕನ್ನಡದಲ್ಲಿಡುವುದು ಉಚಿತವೇ. ಆದರೆ ಅತಿ ದೀರ್ಘವಾಗಿರಬಾರದು. ಸರ್ವರುಗಳಲ್ಲಿ ಬಳಕೆಯಾಗುವ ಲಿನಕ್ಸ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟುಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟುಗಳು ಬೇಕು. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಅಜ್ಜಿಯ’ ಎಂಬ ಪದದಲ್ಲಿ 6 ಸಂಕೇತಗಳು, ಅಂದರೆ 18 ಬೈಟುಗಳಿವೆ. ಹೀಗಾಗಿ 85 ಸಂಕೇತಗಳನ್ನು ಮೀರಿದ ಕನ್ನಡ ಹೆಸರು ವಿಂಡೋಸ್‌ನಲ್ಲಿ ಸರಿಯಾಗಿದ್ದರೂ ಸರ್ವರಿಗೆ ನಕಲಿಸುವಾಗ ನಿರಾಕೃತವಾಗುತ್ತದೆ.

ಪಥ್ಯ ಮತ್ತು ಮುನ್ನೆಚ್ಚರಿಕೆ

ಒಮ್ಮೆ ಸಂಕುಚಿತಗೊಂಡ ಚಿತ್ರವನ್ನು ಪುನಃ ಅಂತಹುದೇ ಕ್ರಮದಲ್ಲಿ ಸಂಕೇತಿಸಿದಾಗಲೆಲ್ಲ ಸ್ವಲ್ಪ ವಿವರ ನಷ್ಟವಾಗುತ್ತದೆ. ಆ ನಷ್ಟ ಮರಳಿ ಬಾರದು. ಆದುದರಿಂದ ಪರಿವರ್ತನೆ ಅನಿವಾರ್ಯವಾದರೂ ಮೂಲ ಕಡತವನ್ನು ಬೇರೆಯಾಗಿ ಇಟ್ಟಿರತಕ್ಕದ್ದು. ವಾಟ್ಸಪ್‌ನಲ್ಲಿ ವೀಡಿಯೊವಾಗಿ ಬಂದ ಪ್ರತಿಯನ್ನು ಮೂಲವೆಂದು ಭಾವಿಸಬಾರದು. ಅದು ಮಾರ್ಗದಲ್ಲಿಯೇ ಕುಗ್ಗಿಸಲ್ಪಟ್ಟಿರುತ್ತದೆ. ಕಳುಹಿಸುವವರು ಅದನ್ನು ‘ಡಾಕ್ಯುಮೆಂಟ್’ ರೂಪದಲ್ಲಿ ಕಳುಹಿಸುವಂತೆ ಕೇಳಿಕೊಳ್ಳಬೇಕು. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಪದರವು ಬಿಸಿಲು, ಸೆಕೆಗಳಿಂದ ಕಾಲಕ್ರಮೇಣ ಕ್ಷೀಣಿಸುವುದರಿಂದ ಅವನ್ನು ತಡಮಾಡದೆ ಹಾರ್ಡ್‌ಡಿಸ್ಕಿಗೆ ಇಳಿಸುವುದು ಒಳ್ಳೆಯದು. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಊರಿನ ಬಂಧುಗಳ ಮನೆಯಲ್ಲಿ: ಇದು ಬಲ್ಲವರೆಲ್ಲ ಒಪ್ಪಿದ ನಿಯಮ.

ಕೊನೆಯದಾಗಿ ಒಂದು ಮಾತು. ಡಬ್ಬಿ, ಕೋಡೆಕ್, ಫಾಂಟುಗಳ ತೊಂದರೆಯನ್ನು ಇಂದಲ್ಲದಿದ್ದರೆ ಮುಂದಿನ ವರ್ಷವಾದರೂ ಬಲ್ಲವರಿಂದ ಪರಿಹರಿಸಿಕೊಳ್ಳಬಹುದು. ಆದರೆ ಚಿತ್ರದಲ್ಲಿ ಹಾಡುತ್ತಿರುವವರು ಯಾರು, ಅದು ಯಾರ ಮನೆಯ ಅಂಗಳ, ಯಾವ ಊರಿನ ಪದ ಎಂಬುದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಕಡತ ತೆರೆದ ದಿನವೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಸರು, ಊರು, ಇಸವಿಗಳನ್ನು ಕೇಳಿ ಬರೆದಿಡುವುದು ಎಲ್ಲ ಉಪಚಾರಗಳಲ್ಲಿಯೂ ಮೊದಲು ಮಾಡಬೇಕಾದ ಉಪಚಾರ. ಮಿಕ್ಕ ಕೆಲಸ ಕಾಯಬಹುದು, ಇದು ಕಾಯಲಾರದು.